ಅಪ್‌ಡೇಟ್: ಪಿಕಪ್‌ನ ಕ್ರೌನ್ ಪಿನಿಯನ್ ಬದಲಾಯಿಸಿದೆ

ನೆನಪಿದೆಯಾ? ನಮ್ಮ ಹಳೇ ಡೀಸೆಲ್ ಪಿಕಪ್ ಹಿಂದೆ ರಾಗಿ ಒಕ್ಕುವ ಮೆಷಿನ್ ಕಟ್ಟಿಕೊಂಡು ಕೋಲಾರದಿಂದ ತೇರಹಳ್ಳಿ ಬೆಟ್ಟ ಹತ್ತುವಾಗ ಕ್ಲಚ್ ಸುಟ್ಟ ವಾಸನೆ ಬರುತ್ತೆ, ಹೌಸಿಂಗ್ ರೇಶಿಯೋ (ಹಿಂದಿನ ಆಕ್ಸಲ್‌ನಲ್ಲಿರೋ ದೊಡ್ಡ ಗೇರ್ ಕ್ರೌನ್, ಅದನ್ನು ತಿರುಗಿಸೋ ಚಿಕ್ಕ ಗೇರ್ ಪಿನಿಯನ್, ಇವೆರಡರ ಹಲ್ಲಿನ ಲೆಕ್ಕ) ಬದಲಿಸಲಾ ಅಂತ ಇಲ್ಲಿ ಕೇಳಿದ್ದೆ.

ಮೊದಲು ಈಗಿರೋ ರೇಶಿಯೋ ಎಷ್ಟು ಅಂತ ನೋಡಿ ಅಂದಿರಿ. ಗಾಡಿ ನ್ಯೂಟ್ರಲ್‌ಗೆ ಹಾಕಿ, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಒಂದೇ ಚಕ್ರ ಜಾಕ್‌ನಲ್ಲಿ ಎತ್ತಿದೆ. ಸೀಮೆಸುಣ್ಣದ ಗುರುತು ಹಾಕಿ ಚಕ್ರವನ್ನು ಎರಡು ಸುತ್ತು ತಿರುಗಿಸಿದರೆ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಬರೋ ಉದ್ದದ ರಾಡ್) ನಾಲ್ಕು ಸುತ್ತು ಮುಗಿಸಿ ಚೂರು ಮುಂದೆ ಹೋಯಿತು. ಇನ್ನೊಂದು ಚಕ್ರ ನಿಂತೇ ಇರೋದರಿಂದ ಈ ಎರಡು ಸುತ್ತು ಕ್ರೌನ್‌ಗೆ ಒಂದೇ ಸುತ್ತು. ಬಿಚ್ಚಿ ಹಲ್ಲು ಎಣಿಸಿದಾಗ ಕ್ರೌನ್‌ನ 37ಕ್ಕೆ ಪಿನಿಯನ್‌ನ 9, ಅಂದರೆ ರೇಶಿಯೋ 4.11.

ಈಗ 41ಕ್ಕೆ 9 ಹಾಕಿಸಿದ್ದೇನೆ, 4.56. ಕ್ರೌನ್, ಪಿನಿಯನ್ ಎರಡನ್ನೂ ಜೋಡಿಯಾಗೇ ತೆಗೆದುಕೊಂಡೆ. ಒಂದನ್ನೇ ಬದಲಿಸಿದರೆ ಕೂಗುತ್ತೆ ಅಂತ ಮೇಸ್ತ್ರಿ ಮೊದಲೇ ಬೈದಿದ್ದರು. ಹಲ್ಲಿಗೆ ನೀಲಿ ಬಣ್ಣ ಹಚ್ಚಿ, ತಿರುಗಿಸಿ, ಅಚ್ಚು ಹಲ್ಲಿನ ನಡುವೆ ಬೀಳೋವರೆಗೂ ಶಿಮ್ (ತೆಳು ಲೋಹದ ಬಿಲ್ಲೆ) ಹಾಕಿ ತೆಗೆದು, ಹಾಕಿ ತೆಗೆದು ಅರ್ಧ ದಿನ ಕಳೆದರು. ನನಗಂತೂ ಟೀ ಕುಡಿದೂ ಕುಡಿದೂ ಸಾಕಾಯಿತು.

ಎಳೆತ ಸುಮಾರು 11 ಪರ್ಸೆಂಟ್ ಜಾಸ್ತಿ. ಕಡಿದಾದ ತಿರುವಿನಲ್ಲಿ ಕ್ಲಚ್ ಅರ್ಧ ಒತ್ತಿಕೊಂಡು ಒದ್ದಾಡೋದು ತಪ್ಪಿದೆ, ವಾಸನೆಯೂ ಇಲ್ಲ. ಆದರೆ ಹೈವೇಯಲ್ಲಿ ಇಂಜಿನ್ ಮೊದಲಿಗಿಂತ ಜಾಸ್ತಿ ಅರಚುತ್ತೆ. ಮೊದಲು 2000 ಆರ್‌ಪಿಎಂ ಇದ್ದ ವೇಗಕ್ಕೆ ಈಗ 2200 ದಾಟುತ್ತೆ. ನಮ್ಮದರಲ್ಲಿ ಸ್ಪೀಡೋಮೀಟರ್ ಕೇಬಲ್ ಗೇರ್‌ಬಾಕ್ಸ್‌ನಿಂದ ಬರೋದರಿಂದ 60ರಲ್ಲಿ ಹೋದರೂ 66 ತೋರಿಸುತ್ತೆ!

ಇಳಿಜಾರಿಗೆ ಬ್ರೇಕ್ ಮಾತ್ರ ಹಳೇದೇ ಅಲ್ವಾ, ಸೆಕೆಂಡ್ ಗೇರ್‌ನಲ್ಲೇ ಇಳಿಸುತ್ತಿದ್ದೇನೆ. ಮುಂದಿನ ವಾರ ಹಿಂದೆ ಕಟ್ಟೋ ಮೆಷಿನ್ ಟ್ರೈಲರ್‌ಗೂ ಬ್ರೇಕ್ ಹಾಕಿಸಬೇಕು.