ಪೇಸ್ಟಲ್‌ನಲ್ಲಿ (ಪುಡಿ ಉದುರುವ ಒಣ ಬಣ್ಣದ ಕಡ್ಡಿ) ಮಳೆಯ ಬೀದಿ ಬಿಡಿಸುವುದು ಹೇಗೆ?

ಪ್ರಶ್ನೆ: ನಾನು ಕಾಸರಗೋಡಿನವಳು. ಆಟಿ (ತುಳು ತಿಂಗಳು, ಜುಲೈ-ಆಗಸ್ಟ್ ಹೊತ್ತು) ಮಳೆಯಲ್ಲಿ ನಮ್ಮ ಹಳೇ ಬಸ್ ಸ್ಟ್ಯಾಂಡಿನ ರಸ್ತೆ ಬಿಡಿಸಬೇಕು ಅಂತ ತುಂಬಾ ಆಸೆ. ಬೆಳಕಿನ ಆಟ ಬಿಡಿಸುತ್ತಿದ್ದ ಫ್ರಾನ್ಸಿನ ಇಂಪ್ರೆಷನಿಸ್ಟ್ ಕಲಾವಿದರ ಚಿತ್ರದ ಹಾಗೆ ನೆಲ ಹೊಳೆಯಬೇಕು. ಡಾಮರಿಗೆ ಕಪ್ಪು ಹಾಕಬಹುದಾ?

ಉತ್ತರ: ಕಪ್ಪು ಬೇಡ ಅಕ್ಕ. ಇಂಪ್ರೆಷನಿಸ್ಟ್ ಕಲಾವಿದ ಪಿಸ್ಸಾರೊ 1897ರಲ್ಲಿ ಹೋಟೆಲ್ ಕಿಟಕಿಯಿಂದ ಬಿಡಿಸಿದ ಪ್ಯಾರಿಸ್‌ನ ಸೇಂಟ್ ಒನೊರೆ ಬೀದಿ ನೋಡಿ. ಅದು ತೈಲವರ್ಣ, ಆದರೂ ಕಲಿಯಲು ಬೇಕಾದಷ್ಟಿದೆ. ಒದ್ದೆ ನೆಲಕ್ಕೆ ಆಕಾಶದ ಬಣ್ಣವೇ ಬರುತ್ತದೆ. ಮೊದಲು ತಿಳಿ ಬೂದು, ಮೇಲೆ ಸ್ವಲ್ಪ ನೇರಳೆ. ಬಸ್ಸಿನ ಕೆಂಪು ದೀಪದ ಪ್ರತಿಬಿಂಬವನ್ನು ನೇರ ಕೆಳಕ್ಕೆ ಎಳೆಯಿರಿ, ಅಲ್ಲಲ್ಲಿ ಅಡ್ಡ ಗೆರೆಯಿಂದ ಮುರಿಯಿರಿ. ಹೊಳಪು ಬರುವುದೇ ಆ ಮುರಿದ ಜಾಗದಲ್ಲಿ.

ಇನ್ನೊಂದು ಉತ್ತರ: ನನಗೆ ಅದೇ ಗುಂಪಿನ ಕಲಾವಿದ ಕೈಬೊತ್ ಅವರ 1877ರ ಪ್ಯಾರಿಸ್ ಬೀದಿಯ ಚಿತ್ರವೇ ಜಾಸ್ತಿ ಇಷ್ಟ. ಮಳೆಹನಿಯ ಗೆರೆ ಒಂದೂ ಇಲ್ಲ. ಕೊಡೆಗಳು, ಕಲ್ಲುಹಾಸಿನ ಸಂದಿಯ ಬೆಳಕು, ಅಷ್ಟರಲ್ಲೇ ಮಳೆ ಗೊತ್ತಾಗುತ್ತದೆ. ಆದರೆ ಆಟಿ ಮಳೆಗೆ ಅಷ್ಟು ಸಾಲದು ಮಾರಾಯ್ರೆ, ಎದುರಿನ ಅಂಗಡಿಯೇ ಕಾಣುವುದಿಲ್ಲ ಅಲ್ವಾ? ಪೇಸ್ಟಲ್ ಕಡ್ಡಿಯನ್ನು ಮಲಗಿಸಿ ಉಜ್ಜಿ. ದೂರದ ಕಟ್ಟಡದ ಅಂಚನ್ನು ಬೆರಳಿನಿಂದ ಮಸುಕು ಮಾಡಿ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರ! ಬೂದು ಬಣ್ಣದ ಕಾಗದವೇ ತಗೊಂಡರೆ ಕೆಲಸ ಸುಲಭವಾ?

ಉತ್ತರ: ಖಂಡಿತ. ಒರಟು ಕಾಗದವೇ ತಗೊಳ್ಳಿ, ನುಣುಪಿನದಕ್ಕೆ ಪುಡಿ ಹಿಡಿಯುವುದಿಲ್ಲ.