ಸ್ಕೇಟಿಂಗ್‌ನ ‘ಎಡ್ಜ್’: ಅಂಚೋ, ಮಗ್ಗುಲೋ?

ಎಲ್ಲರಿಗೂ ನಮಸ್ಕಾರ.

ಫ್ರೀಸ್ಟೈಲ್ ಸ್ಲಾಲಮ್ ಕಲಿಯಲು ಹೊರಟ ಹೊಸಬರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಗೊತ್ತಿಲ್ಲದವರಿಗೆ ಎರಡು ಮಾತು. ಇನ್‌ಲೈನ್ ಸ್ಕೇಟ್ ಅಂದರೆ ಗಾಲಿಗಳು ಒಂದರ ಹಿಂದೆ ಒಂದು ಸಾಲಾಗಿರುವ ಸ್ಕೇಟ್. ಅದನ್ನು ತೊಟ್ಟು, ನೆಲದ ಮೇಲೆ ಸಾಲಾಗಿಟ್ಟ ಪುಟ್ಟ ಕೋನ್‌ಗಳ ನಡುವೆ, ಒಂದನ್ನೂ ಬೀಳಿಸದೆ ಸಾಗಬೇಕು. ಕೋನ್‌ಗಳ ನಡುವಿನ ಅಂತರ 50, 80 ಅಥವಾ 120 ಸೆಂಟಿಮೀಟರ್. ಹೊಸಬರು ಸಾಮಾನ್ಯವಾಗಿ 80ರ ಸಾಲಿನಲ್ಲಿ ಕಲಿಯುತ್ತಾರೆ.

ನಾನು ಸಿಕ್ಕಿಹಾಕಿಕೊಂಡಿರುವುದು ‘ಎಡ್ಜ್’ ಎಂಬ ಪದದಲ್ಲಿ. ಕಲಿಸುವವರ ಬಾಯಲ್ಲಿ ದಿನವಿಡೀ ಇದೇ: ಇನ್‌ಸೈಡ್ ಎಡ್ಜ್, ಔಟ್‌ಸೈಡ್ ಎಡ್ಜ್. ನಿಘಂಟು ತೆರೆದರೆ ‘ಅಂಚು’ ಸಿಗುತ್ತದೆ. ಒಳ ಅಂಚು, ಹೊರ ಅಂಚು ಎಂದು ಬರೆದು ಮುಂದೆ ಹೋಗಬಹುದಿತ್ತು. ಆದರೆ ಗಾಲಿಗೆ ಅಂಚು ಎಲ್ಲಿದೆ? ಈ ಮಾತು ಮಂಜುಗಡ್ಡೆಯ ಮೇಲಿನ ಸ್ಕೇಟಿಂಗ್‌ಗೆ ಸರಿ. ಅಲ್ಲಿ ಉಕ್ಕಿನ ಅಲಗಿನ ತಳದಲ್ಲಿ ಉದ್ದಕ್ಕೂ ಒಂದು ತೋಡು ಇರುತ್ತದೆ. ಅದರ ಎರಡೂ ಕಡೆ ನಿಜವಾಗಿಯೂ ಚೂಪಾದ ಅಂಚುಗಳಿವೆ. ಇನ್‌ಲೈನ್ ಗಾಲಿ ಪಾಲಿಯುರೆಥೇನ್‌ನದು, ಅದರ ಮೈ ದುಂಡಗೆ. ಸ್ಕೇಟ್ ಒಳಗಡೆಗೆ ವಾಲಿದರೆ ಗಾಲಿಯ ಒಳಗಡೆಯ ಮೈ ನೆಲಕ್ಕೆ ತಾಗುತ್ತದೆ, ಹೊರಗಡೆಗೆ ವಾಲಿದರೆ ಹೊರಗಡೆಯ ಮೈ. ಅಷ್ಟೇ. ‘ಹೊರ ಅಂಚಿನ ಮೇಲೆ ನಿಲ್ಲಿ’ ಎಂದು ಓದಿದ ಹೊಸಬರು ಬಗ್ಗಿ ಅಂಚನ್ನು ಹುಡುಕಿದರೆ ತಪ್ಪು ಅವರದಲ್ಲ, ಅಲ್ವಾ?

ಹಾಗಾಗಿ ‘ಮಗ್ಗುಲು’ ಎಂಬ ಪದ ಹೊಳೆಯಿತು. ಒಳಮಗ್ಗುಲು, ಹೊರಮಗ್ಗುಲು. ‘ಬಲಗಾಲನ್ನು ಹೊರಮಗ್ಗುಲಿಗೆ ವಾಲಿಸಿ’ ಅಂದರೆ ಏನು ಮಾಡಬೇಕು ಅಂತ ಪಾದಕ್ಕೇ ಗೊತ್ತಾಗುತ್ತದೆ. ಹೊಸಬರಿಗೆ ಹೊರಮಗ್ಗುಲೇ ಕಷ್ಟ. ಕಾಲು ತಾನಾಗಿ ಒಳಗಡೆಗೆ ಕುಸಿಯುತ್ತದೆ. ಅದಕ್ಕೇ ಈ ಪದ ಸರಿಯಾಗಿ ಕೂರಬೇಕು ಅನ್ನುವ ಹಟ. ಒಂದು ಅನುಮಾನವೂ ಇದೆ. ‘ಮಗ್ಗುಲು ಬದಲಿಸು’ ಅಂದ ತಕ್ಷಣ ಹಾಸಿಗೆ ನೆನಪಾಗುತ್ತದೆ. ಕೈಪಿಡಿಯಲ್ಲಿ ಇದು ನಗು ತರಿಸುತ್ತದೆಯೇ? ನನಗಂತೂ ಅಡ್ಡಿಯಿಲ್ಲ ಅನ್ನಿಸುತ್ತದೆ.

ಎರಡನೆಯದು ‘ಸ್ಲಾಲಮ್’. ಮೂಲ ನಾರ್ವೇಜಿಯನ್, ಇಳಿಜಾರು ಮತ್ತು ಜಾಡು ಎಂಬ ಅರ್ಥದ ಎರಡು ಪದ ಸೇರಿ ಆದದ್ದು. ಸ್ಕೀಯಿಂಗ್‌ನಿಂದ ಬಂತು. ನಮ್ಮ ಆಟದಲ್ಲಿ ಇಳಿಜಾರೇ ಇಲ್ಲ, ಸಪಾಟು ನೆಲ. ‘ಅಂಕುಡೊಂಕು ಓಟ’ ಅನ್ನಬಹುದೇನೋ, ಆದರೆ ‘ಓಟ’ ಹೊಂದುವುದು ಸ್ಪೀಡ್ ಸ್ಲಾಲಮ್‌ಗೆ ಮಾತ್ರ. ಅಲ್ಲಿ 80 ಸೆಂಟಿಮೀಟರ್ ಅಂತರದ 20 ಕೋನ್‌ಗಳನ್ನು ಒಂದೇ ಕಾಲಿನಲ್ಲಿ ದಾಟಬೇಕು. ಬೀಳಿಸಿದ ಅಥವಾ ಬಿಟ್ಟುಹೋದ ಪ್ರತಿ ಕೋನ್‌ಗೂ 0.2 ಸೆಕೆಂಡ್ ದಂಡ. ಫ್ರೀಸ್ಟೈಲ್‌ನಲ್ಲಿ ಗಡಿಯಾರದ ಜೊತೆ ಜಿದ್ದಿಲ್ಲ. ಅದರ ಕ್ಲಾಸಿಕ್ ವಿಭಾಗದಲ್ಲಿ ಸಂಗೀತಕ್ಕೆ ತಕ್ಕಂತೆ ಆಡುತ್ತಾರೆ, ತೀರ್ಪುಗಾರರು ಅಂಕ ಕೊಡುತ್ತಾರೆ. ‘ನುಸುಳಾಟ’ ನನಗೆ ಇಷ್ಟವಾದ ಪದ. ಸಂದಿಯಲ್ಲಿ ಜಾರಿಕೊಂಡು ಹೋಗುವುದು ಅದರಲ್ಲೇ ಇದೆ. ಆದರೆ ಪತ್ರಿಕೆಗಳು ‘ನುಸುಳುಕೋರರು’ ಎಂದು ಬರೆದೂ ಬರೆದೂ ಆ ಪದಕ್ಕೆ ಕಳ್ಳತನದ ವಾಸನೆ ಅಂಟಿಸಿಬಿಟ್ಟಿವೆ. ಸದ್ಯಕ್ಕೆ ಸ್ಲಾಲಮ್ ಎಂದೇ ಇಟ್ಟುಕೊಂಡಿದ್ದೇನೆ.

‘ರಾಕರ್’ಗೂ ಪದ ಬೇಕು. ನಾಲ್ಕು ಗಾಲಿಗಳಲ್ಲಿ ನಡುವಿನ ಎರಡು 80 ಮಿಲಿಮೀಟರ್, ತುದಿಯ ಎರಡು 76 ಮಿಲಿಮೀಟರ್ ಎಂದುಕೊಳ್ಳಿ. ಆಗ ಮುಂದಿನ ಮತ್ತು ಹಿಂದಿನ ಗಾಲಿ ನೆಲದಿಂದ 2 ಮಿಲಿಮೀಟರ್ ಮೇಲಿರುತ್ತವೆ. ನೆಲಕ್ಕೆ ತಾಗುವುದು ಕಡಿಮೆಯಾದ್ದರಿಂದ ಸ್ಕೇಟ್ ಸಲೀಸಾಗಿ ತಿರುಗುತ್ತದೆ, ಹೊಸಬರಿಗೆ ಮಾತ್ರ ಕಾಲಡಿ ಅಲುಗಾಡಿದ ಹಾಗಿರುತ್ತದೆ. ಗಾಲಿಸಾಲಿನ ತಳ ದೋಣಿಯ ತಳದಂತೆ ಬಾಗಿರುವುದರಿಂದ ‘ದೋಣಿತಳ’ ಎಂದು ಬರೆದಿದ್ದೇನೆ. ಒಪ್ಪುತ್ತೀರಾ?

ಚಮತ್ಕಾರಗಳ ಹೆಸರುಗಳಲ್ಲಿ ಜಾಸ್ತಿ ಗೋಜಲಿಲ್ಲ. ನೆಲ್ಸನ್, ಮಬ್ರೂಕ್ ಅವು ಹೆಸರುಗಳು, ಹಾಗೇ ಇರಲಿ. ಒಂದು ಪಾದದ ಹಿಂದೆ ಇನ್ನೊಂದನ್ನು ಒಂದೇ ಗೆರೆಯಲ್ಲಿಟ್ಟು ಕೋನ್‌ಗಳ ನಡುವೆ ಬಳುಕುವ ‘ಸ್ನೇಕ್’ ಅನ್ನು ಹಾವು ಅಂದರೆ ಮುಗಿಯಿತು. ಹಿಮ್ಮಡಿಗೆ ಹಿಮ್ಮಡಿ ಎದುರಾಗಿರುವ ‘ಈಗಲ್’ಗೆ ಹದ್ದು. (‘ಹದ್ದು ಮೀರಬೇಡಿ’ ಎಂದು ಯಾರಾದರೂ ತಮಾಷೆ ಮಾಡಿಯೇ ಮಾಡುತ್ತಾರೆ.) ತೊಡಕಾದದ್ದು ‘ಕ್ರಿಸ್‌ಕ್ರಾಸ್’. ಹೊಸಬರು ಮೊದಮೊದಲು ಕಲಿಯುವುದರಲ್ಲಿ ಇದೂ ಒಂದು. ಪಾದಗಳು ಕೋನ್‌ನ ಎರಡೂ ಪಕ್ಕ ಅಗಲವಾಗುತ್ತವೆ, ಕೋನ್ ದಾಟಿದ ಮೇಲೆ ಒಂದರ ಮುಂದೊಂದು ಅಡ್ಡ ಹಾಯುತ್ತವೆ. ‘ಅಡ್ಡಗಾಲು’ ಎಂದು ಬರೆಯಲು ಹೋದೆ. ಅಡ್ಡಗಾಲು ಹಾಕುವುದು ಅಂದರೆ ಇನ್ನೊಬ್ಬರ ಕೆಲಸ ಕೆಡಿಸುವುದು! ‘ಕತ್ತರಿಗಾಲು’ ಪರವಾಗಿಲ್ಲ. ‘ಹೆಣೆಗಾಲು’ ಇನ್ನೂ ಚೆಂದ, ನೆಲದ ಮೇಲೆ ಎರಡು ಗಾಲಿಜಾಡುಗಳು ಹೆಣೆದುಕೊಳ್ಳುತ್ತವೆ ತಾನೇ. ಆದರೆ ಕೇಳಿದವರಿಗೆ ಥಟ್ಟನೆ ತಿಳಿಯುತ್ತದೋ ಇಲ್ಲವೋ.

ಒಂದೇ ಕಾಲಿನ ನಡೆಗೆ ‘ಒಂಟಿಗಾಲು’. ‘ಕುಂಟು’ ಬೇಡ, ಅದರಲ್ಲಿ ನೆಗೆತ ಇದೆ. ಇಲ್ಲಿ ಗಾಲಿ ನೆಲ ಬಿಡುವುದಿಲ್ಲ.

ಹೊರನೋಟಕ್ಕೆ ಸುಲಭ ಅನ್ನಿಸುವ ಮಾತುಗಳೇ ಜಾಸ್ತಿ ಕಾಡುತ್ತಿವೆ. ‘ಮುಂಗಾಲಿನ ಮೇಲೆ ಭಾರ ಹಾಕಿ’ ಅಂದರೆ ಮುಂದಿರುವ ಕಾಲೋ, ಪಾದದ ಮುಂಭಾಗವೋ? ಸ್ನೇಕ್‌ನಲ್ಲಿ ಎರಡು ಅರ್ಥಕ್ಕೂ ಜಾಗ ಇದೆ, ಬೀಳಲಿಕ್ಕೂ ಇದೆ. ನಾನು ‘ಮುಂದಿನ ಕಾಲು’, ‘ಪಾದದ ಮುಂಭಾಗ’ ಎಂದು ಬಿಡಿಸಿಯೇ ಬರೆಯುತ್ತಿದ್ದೇನೆ. ‘ಮಂಡಿ ಮಡಚಿ’ ಅಂದರೆ ಕೆಲವರು ಪೂರ್ತಿ ಕೂತೇ ಬಿಡುತ್ತಾರೆ. ‘ಮಂಡಿ ಸ್ವಲ್ಪ ಬಗ್ಗಿಸಿ’ ಸಾಕು. ‘ಬ್ಯಾಲೆನ್ಸ್’ಗೆ ‘ಸಮತೋಲನ’ ಎಂದು ಬರೆದು ಹೊಡೆದುಹಾಕಿದೆ, ಮೈದಾನದಲ್ಲಿ ಯಾರೂ ಹಾಗೆ ಅನ್ನುವುದಿಲ್ಲ.

ಮತ್ತೆ ಮಗ್ಗುಲಿನ ವಿಷಯಕ್ಕೆ ಒಂದು ಪ್ರಶ್ನೆ. ಕೆಲವರ ಚಪ್ಪಲಿ ಒಳಗಡೆ ಜಾಸ್ತಿ ಸವೆಯುತ್ತದೆ, ಕೆಲವರದು ಹೊರಗಡೆ. ಚಪ್ಪಲಿ ಹೊಲಿಯುವವರಲ್ಲಿ ಈ ಎರಡು ಕಡೆಗಳಿಗೆ ಬೇರೆಬೇರೆ ಪದಗಳಿವೆಯೇ? ನಿಮ್ಮ ಕಡೆಯ ಮಾತಿನಲ್ಲಿ ಕೇಳಿದ್ದರೆ ದಯವಿಟ್ಟು ತಿಳಿಸಿ. ಸ್ಕೇಟ್‌ಗಾಲಿಗಳೂ ಹಾಗೇ ಒಂದೇ ಕಡೆ ಸವೆಯುತ್ತವೆ. ಆ ಪದ ಸಿಕ್ಕರೆ ‘ಎಡ್ಜ್’ಗೂ ಅದನ್ನೇ ಬಳಸುತ್ತೇನೆ.