ದೊಡ್ಡಪ್ಪ ಕಳಿಸಿದ 25 ಅಂಕಿಯ ಫಾರ್ವರ್ಡ್

(ಗುಂಪು: ಜಯನಗರದ ಮನೆ)

ದೊಡ್ಡಪ್ಪ: 3608528850368400786036725. ಮೊದಲ 2 ಅಂಕಿ 2ರಿಂದ ಭಾಗವಾಗುತ್ತದೆ, ಮೊದಲ 3 ಅಂಕಿ 3ರಿಂದ, ಹೀಗೇ ಕೊನೆವರೆಗೂ! ರಾಮಾನುಜನ್ ಕಂಡುಹಿಡಿದ ಸಂಖ್ಯೆ. ಎಷ್ಟು ಬೇಕಾದರೂ ಬೆಳೆಸಬಹುದು. ಎಲ್ಲರಿಗೂ ಕಳಿಸಿ 🙏

ಕಾರ್ತಿಕ್: ಸುಳ್ಳು ದೊಡ್ಡಪ್ಪ. ಎಕ್ಸೆಲ್‌ನಲ್ಲಿ ಮೊದಲ 17 ಅಂಕಿ ಹಾಕಿದೆ, 36085288503684000 ಅಂತ ತೋರಿಸಿತು. ಅದನ್ನು 17ರಿಂದ ಭಾಗಿಸಿದರೆ 10 ಉಳಿಯುತ್ತದೆ.

ದೊಡ್ಡಪ್ಪ: ನಮ್ಮವರು ಮಾಡಿದ್ದು ಅಂದರೆ ನಿಮಗೆಲ್ಲ ಸುಳ್ಳೇ.

ಸುಮಾ ಅತ್ತೆ: ಕಾರ್ತಿಕ್, ಕೊನೆಯ ಅಂಕಿ 7 ಅಲ್ವಾ? ಎಕ್ಸೆಲ್ 15 ಅಂಕಿ ಮಾತ್ರ ಇಟ್ಟುಕೊಂಡು ಮಿಕ್ಕಿದ್ದಕ್ಕೆ ಸೊನ್ನೆ ಹಾಕುತ್ತದೆ. ಪೆನ್ನು ತಗೋ. ಎಡದಿಂದ ಒಂದೊಂದೇ ಅಂಕಿ ಇಳಿಸು, ಶೇಷ ಮಾತ್ರ ನೆನಪಿಡು. 36ನ್ನು 17ರಿಂದ ಭಾಗಿಸಿದರೆ ಶೇಷ 2. ಸೊನ್ನೆ ಇಳಿಸಿದರೆ 20, ಶೇಷ 3. 8 ಇಳಿಸಿದರೆ 38, ಶೇಷ 4. ಹೀಗೇ ಹೋದರೆ 16 ಅಂಕಿ ಮುಗಿಯುವಾಗ ಶೇಷ 1. ಆಮೇಲೆ 7 ಇಳಿಸು. 17! ಏನೂ ಉಳಿಯುವುದಿಲ್ಲ.

ಕಾರ್ತಿಕ್: ಹೌದತ್ತೆ, ಬಂತು. ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆದು 25ರವರೆಗೂ ಓಡಿಸಿದೆ. ಎಲ್ಲದಕ್ಕೂ ಶೇಷ ಸೊನ್ನೆ.

ದೊಡ್ಡಪ್ಪ: ನೋಡಿದೆಯಾ?

ಸುಮಾ ಅತ್ತೆ: ಅಷ್ಟು ಸರಿ ಅಣ್ಣ. ಆದರೆ ಬೆಳೆಸುವುದಕ್ಕೆ ಆಗುವುದಿಲ್ಲ. 26ನೇ ಅಂಕಿಯಾಗಿ ಸೊನ್ನೆ ಇಟ್ಟು 26ರಿಂದ ಭಾಗಿಸಿ, ಶೇಷ 12. ಇನ್ನೂ 14 ಬೇಕು. ಒಂದು ಅಂಕಿಯ ಜಾಗದಲ್ಲಿ 9ಕ್ಕಿಂತ ಜಾಸ್ತಿ ಹೇಗೆ ಹಾಕುತ್ತೀರಿ?

ದೊಡ್ಡಪ್ಪ: ಹಿಂದಿನ ಅಂಕಿಗಳನ್ನು ಬದಲಾಯಿಸಿಕೊಂಡರಾಯಿತು.

ನಾನು: ಅದಕ್ಕೂ ದಾರಿ ಇಲ್ಲ ದೊಡ್ಡಪ್ಪ. ಈ ಥರದವು 9 ಅಂಕಿಯಲ್ಲಿ 2492 ಇವೆ, 10 ಅಂಕಿಯಲ್ಲೂ 2492. ಅಲ್ಲಿಂದ ಇಳಿಯುತ್ತಾ ಹೋಗಿ 20 ಅಂಕಿಗೆ 44, 24ಕ್ಕೆ ಬರೀ 3. 25ಕ್ಕೆ ಇದೊಂದೇ.

ಸುಮಾ ಅತ್ತೆ: ಕಾರಣ ನೋಡಿ, ಚೆನ್ನಾಗಿದೆ. ಮುಂದಿನ ಅಂಕಿಗೆ ನಮಗಿರುವುದು ಹತ್ತೇ ಆಯ್ಕೆ. ಸಾಲಾಗಿ ಬರುವ ಹತ್ತು ಸಂಖ್ಯೆಗಳಲ್ಲಿ 7ರಿಂದಲೋ 8ರಿಂದಲೋ 10ರಿಂದಲೋ ಭಾಗವಾಗುವುದು ಒಂದಾದರೂ ಇದ್ದೇ ಇರುತ್ತದೆ. 11ರಿಂದ ಆ ಖಾತ್ರಿ ಹೋಯಿತು. ಮುಂದೆ ಹೋದಷ್ಟೂ ಕಷ್ಟ.

ದೊಡ್ಡಪ್ಪ: ಸರಿ, ಆ ಸಾಲು ತೆಗೆಯುತ್ತೇನೆ. ರಾಮಾನುಜನ್ ಹೆಸರು ಇರಲಿ. ಮಕ್ಕಳು ಆಸೆಯಿಂದ ಓದುತ್ತಾರೆ, ನಿನಗೇನು ನಷ್ಟ?

ಸುಮಾ ಅತ್ತೆ: ನಷ್ಟ ಇದೆ ಅಣ್ಣ. 32 ವರ್ಷಕ್ಕೇ ಹೋದ ಮನುಷ್ಯ, ಅಷ್ಟರಲ್ಲೇ ಬೆಟ್ಟದಷ್ಟು ಮಾಡಿಟ್ಟರು. 1729ರ ಕಥೆ ಹೇಳಿ. 1ರ ಘನಕ್ಕೆ 12ರ ಘನ ಕೂಡಿಸಿದರೂ ಅದೇ, 9ರ ಘನಕ್ಕೆ 10ರ ಘನ ಕೂಡಿಸಿದರೂ ಅದೇ. ಅವರು ಹೇಳಿದ್ದನ್ನು ಅವರ ಜೊತೆ ಕೆಲಸ ಮಾಡಿದ ಗಣಿತಜ್ಞ ಹಾರ್ಡಿಯವರೇ ಬರೆದಿಟ್ಟಿದ್ದಾರೆ. ಆಧಾರ ಇಲ್ಲದ್ದನ್ನೆಲ್ಲ ಸುಮ್ನೆ ಅವರ ಹೆಸರಿಗೆ ಅಂಟಿಸಿದರೆ, ನಾಳೆ ಮಕ್ಕಳು ನಿಜವಾದದ್ದನ್ನೂ ನಂಬುವುದಿಲ್ಲ.

ದೊಡ್ಡಪ್ಪ: ಹೆಸರಿನ ವಿಷಯ ಭಾನುವಾರ ಊಟಕ್ಕೆ ಬಂದಾಗ ಮಾತಾಡೋಣ.

ನಾನು: ಮಕ್ಕಳಿಗೆ 381654729 ಕಳಿಸಿ. ಇದೇ ಗುಣ. 1ರಿಂದ 9ರವರೆಗೆ ಒಂದೊಂದು ಅಂಕಿಯೂ ಒಂದೇ ಸಲ ಬರುವಂಥದ್ದು ಇದೊಂದೇ. ಕಾಗದದಲ್ಲೇ ಮಾಡಬಹುದು.

ದೊಡ್ಡಪ್ಪ: ಇದು ಲಾಲ್‌ಬಾಗ್ ವಾಕಿಂಗ್ ಗುಂಪಿಗೂ ಆಗುತ್ತದೆ. 381654 ಭಾಗಿಸು 6, 63609 ಬಂತು. ಈಗ ಏಳರದ್ದು.

ಕಾರ್ತಿಕ್: 545221 ದೊಡ್ಡಪ್ಪ.

ದೊಡ್ಡಪ್ಪ: ಹೇಳಬೇಡವೋ! ನಾನೇ ಮಾಡುತ್ತಿದ್ದೇನೆ.